ಎಡ ಪೆಟ್ಟಿಗೆಯ ಉಣ್ಣೆ ಮಾಲೆ

ಯಾರು ಏನೇ ಕೇಳಲಿ, ಪ್ರಾಚಿಯ ಬಾಯಿಂದ ಮೊದಲು ಹೊರಡುವ ಮಾತು ‘ಏನಿಲ್ಲ’. ಯಾಕೆ ಸಪ್ಪಗಿದ್ದೀಯ ಅಂದರೆ ಏನಿಲ್ಲ. ಏನು ಯೋಚನೆ ಅಂದರೆ ಏನಿಲ್ಲ. ಈ ಮೂರಕ್ಷರ ಒಂದಲ್ಲ ಒಂದು ದಿನ ಯಾರ ಬಾಳಿಗಾದರೂ ಮುಳುವಾದೀತು ಎಂಬ ಸಣ್ಣ ಅಳುಕು ಅವಳಿಗೆ ಮೊದಲಿಂದಲೂ ಇತ್ತು. ಇಂಗ್ಲಿಷರ ನಾಡಿನಲ್ಲಿ, ಪಿನ್ನರ್ ಎಂಬ ಊರಿನ ಈ ಮನೆಯ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಕೂತಾಗ, ಆ ದಿನ ಇವತ್ತೇ ಬಂತೇನೋ ಎಂದು ಅವಳು ತನ್ನೊಳಗೇ ಒಪ್ಪಿಕೊಂಡಳು.

“ಏನ ಕಂಡೀಯವ್ವಾ ಒಳಗ?” ಸೋಫಾದ ತುದಿಯಲ್ಲಿ ಕೂತಿದ್ದ ರತ್ನಾಬಾಯಿ ಕೇಳಿದರು.

“ಏನಿಲ್ಲ ಆಂಟಿ.”

ಸುಳ್ಳು. ಹಿಂಬದಿಯ ಹಲಗೆ ಕಳಚಿದ ಎಡ ಸ್ಪೀಕರ್ ಪೆಟ್ಟಿಗೆ ಅವಳ ಮುಂದೆ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ, ಮೇಲಿನ ಬಲ ಮೂಲೆಯಲ್ಲಿ, ಅಲ್ಲಿ ಇರಬಾರದ ದಾರದ ಗಂಟೊಂದು ಇತ್ತು. ಆ ಗಂಟು ಹಾಕಿದ ಕೈ ಯಾರದೆಂದು ಅವಳಿಗೆ ನೋಡಿದ ಕ್ಷಣವೇ ಗೊತ್ತಾಗಿತ್ತು. ನಾಲಿಗೆಯ ತುದಿಗೆ ಬಂದ ಹೆಸರನ್ನು ಗಂಟಲಿನಾಚೆ ತಳ್ಳಿ, ಟಾರ್ಚ್ ಆರಿಸಿದಳು.

ಮೂರು ವಾರದ ಹಿಂದೆ ಈ ಮನೆಯ ಯಜಮಾನ ಶರಣಬಸವ ಸ್ಟ್ರೋಕ್ ಆಗಿ ಇದೇ ಕೋಣೆಯಲ್ಲಿ ಬಿದ್ದಿದ್ದರು. ಅದೇ ಸಂಜೆ ರತ್ನಾಬಾಯಿಯ ಬಂಗಾರವೆಲ್ಲ, ಬೋರಮಾಳ ಸರದಿಂದ ಹಿಡಿದು ಪಾಟ್ಲಿ ಬಳೆಯವರೆಗೆ, ಬೀರುವಿನಲ್ಲಿ ಇಲ್ಲವೆಂದು ಗೊತ್ತಾಗಿತ್ತು. ಅವರು ಬಿದ್ದಾಗ ರತ್ನಾಬಾಯಿ ಹೊರಗೆ ಹೋಗಿದ್ದರು; ಮನೆಯಲ್ಲಿದ್ದವಳು ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಬೆಳಗಾವಿಯ ಹುಡುಗಿ ಅಂಕಿತಾ ಒಬ್ಬಳೇ.

ಆ ಹುಡುಗಿಯ ಸೂಟ್‌ಕೇಸು ಈಗ ಹಜಾರದಲ್ಲಿ, ಷೂಗಳ ಪಕ್ಕ ನಿಂತಿತ್ತು. ಇವತ್ತು ಸಂಜೆಯೊಳಗೆ ಪೊಲೀಸರಿಗೆ ದೂರು ಕೊಡುತ್ತೇನೆಂದು ಶರಣಬಸವರ ಅಣ್ಣನ ಮಗ ರುದ್ರೇಶ ಹೇಳಿಹೋಗಿದ್ದರು. ದೂರು ಬಿದ್ದರೆ ಅಂಕಿತಾಳ ಓದು, ವೀಸಾ, ಊರಿನಲ್ಲಿ ಅಪ್ಪ ಅಮ್ಮ ತಲೆಯೆತ್ತಿ ಓಡಾಡುವುದು ಎಲ್ಲ ಒಂದೇ ಏಟಿಗೆ ಮುಗಿದ ಹಾಗೆ. ಈಗಾಗಲೇ ಪಕ್ಕದ ಹ್ಯಾರೋದ ಕಿರಾಣಿ ಅಂಗಡಿಯಲ್ಲಿ ಅವಳನ್ನು ಕಂಡ ಹೆಂಗಸರು ಕರಿಬೇವಿನ ಕಟ್ಟು ಹಿಡಿದುಕೊಂಡೇ ಮುಖ ತಿರುಗಿಸುತ್ತಿದ್ದರು.

ಪ್ರಾಚಿ ಇಲ್ಲಿಗೆ ಕಳ್ಳರನ್ನು ಹುಡುಕಲು ಬಂದವಳಲ್ಲ. ಬೆಳಿಗ್ಗೆ ರತ್ನಾಬಾಯಿಯೇ ಫೋನ್ ಮಾಡಿದ್ದರು.

“ಎಡಗಡೀ ಪೆಟಗಿ ಗಂಟಲ ಕಟ್ಟೇತಿ ನೋಡವ್ವಾ. ಸೋಮವಾರ ಅವ್ರು ದವಾಖಾನಿಯಿಂದ ಮನೀಗ ಬರ್ತಾರ. ಮಾತ ಹೋಗೇತಿ, ಕಿವಿ ಐತಿ. ಬಂದ ಕೂಡ್ಲೇ ಅದನ್ನ ಹಚ್ಚು ಅಂತ ಕೈ ಮಾಡೇ ಮಾಡ್ತಾರ. ನೀನ ಬಂದು ಸರಿ ಮಾಡು.” ಆಮೇಲೆ ದನಿ ತಗ್ಗಿಸಿ, “ರುದ್ರೇಶಗ ಹೇಳಾಕ ಹೋಗಬ್ಯಾಡ. ಸುಮ್ಮ ಅವಂಗ್ಯಾಕ ತ್ರಾಸು.”

ಆ ಮಾತು ಪ್ರಾಚಿಗೆ ಆಗಲೇ ವಿಚಿತ್ರ ಅನ್ನಿಸಿತ್ತು. ಹಳೆಯ ಸ್ಪೀಕರ್ ರಿಪೇರಿ ಮಾಡುವ ಹ್ಯಾರೋದ ವರ್ಕ್‌ಶಾಪ್ ರುದ್ರೇಶರದು. ಪ್ರಾಚಿ ಅಲ್ಲಿ ಕೆಲಸಕ್ಕಿರುವವಳು. ಸೌಂಡ್ ಎಂಜಿನಿಯರಿಂಗ್‌ನಲ್ಲಿ ಡಿಗ್ರಿ ಮುಗಿಸಿದವಳಿಗೆ ಈ ದೇಶದಲ್ಲಿ ಇನ್ನೂ ಉಳಿಯಬೇಕೆಂದರೆ ವೀಸಾಕ್ಕೆ ಸ್ಪಾನ್ಸರ್ ಆಗಬೇಕಾದವರೂ ಅವರೇ. ಯಜಮಾನರಿಗೆ ಗೊತ್ತಿಲ್ಲದ ಹಾಗೆ ಯಜಮಾನರ ಕಾಕಾನ ಮನೆಗೆ ಬಂದು ಸ್ಕ್ರೂ ಬಿಚ್ಚುವುದೆಂದರೆ!

ಆದರೂ ಬಂದಿದ್ದಳು. ಈ ಪೆಟ್ಟಿಗೆಗಳ ಮೇಲೆ ಅವಳಿಗೆ ಒಂದು ಬಗೆಯ ಮಮತೆ.

ಸೊಂಟದೆತ್ತರದ, ತೇಗದ ಬಣ್ಣದ ಜೋಡಿ. ಐವತ್ತು ವರ್ಷ ಹಳೆಯವು. ಇಂಥ ಮುಚ್ಚಿದ ಪೆಟ್ಟಿಗೆಯ ಜೀವ ಇರುವುದು ಒಳಗಿನ ಉಣ್ಣೆಯಲ್ಲಿ. ಉಣ್ಣೆ ಹದವಾಗಿದ್ದರೆ ಪೆಟ್ಟಿಗೆ ತನಗಿಂತ ದೊಡ್ಡದೊಂದು ಪೆಟ್ಟಿಗೆಯ ಹಾಗೆ ಉಸಿರಾಡುತ್ತದೆ, ಬೇಸ್, ಅಂದರೆ ತಗ್ಗಿನ ದನಿ, ನೆಲದಿಂದ ಎದ್ದು ಬಂದ ಹಾಗಿರುತ್ತದೆ. ಕಡಿಮೆಯಾದರೆ ಡಬ್ಬ ಬಡಿದಂತೆ ಗೊಂಯ್ ಅನ್ನುತ್ತದೆ. ಹೆಚ್ಚಾದರೆ ಉಸಿರು ಕಟ್ಟಿ ಸತ್ತೇ ಹೋಗುತ್ತದೆ. ಎಷ್ಟು ಚೆನ್ನಾಗಿ ತುಂಬಿದರೂ ವರ್ಷಗಳು ಕಳೆದಂತೆ ಉಣ್ಣೆ ಕುಸಿದು ತಳದಲ್ಲಿ ಮುದ್ದೆಯಾಗುತ್ತದೆ. ಮೇಲಿನರ್ಧ ಬರಿದು.

ಅದಕ್ಕೆ ಪ್ರಾಚಿ ಒಂದು ಉಪಾಯ ಕಂಡುಕೊಂಡಿದ್ದಳು. ಮೈಸೂರಿನ ಮನೆಯಲ್ಲಿ ಅಮ್ಮ ಜಗಲಿಯ ಮೇಲೆ ಕೂತು ಮಲ್ಲಿಗೆ ಕಟ್ಟುವುದನ್ನು ನೋಡಿ ಬೆಳೆದವಳು. ಉಣ್ಣೆಯನ್ನು ಸಣ್ಣ ಸಣ್ಣ ಗೊಂಚಲಾಗಿ ಹಿಂಜಿ, ಒಂದೊಂದನ್ನೂ ದಾರಕ್ಕೆ ಹೂ ಕಟ್ಟುವ ಗಂಟಿನಲ್ಲೇ ಕಟ್ಟಿ, ಆ ಮಾಲೆಯನ್ನು ಪೆಟ್ಟಿಗೆಯೊಳಗೆ ಮೂಲೆಯಿಂದ ಮೂಲೆಗೆ ತೂಗುಬಿಡುವುದು. ಉಣ್ಣೆ ಕುಸಿಯುವುದಿಲ್ಲ, ಗಾಳಿಯಾಡುತ್ತದೆ. ಗಿರಾಕಿಗಳಿಗೆ ಇದು ಬಹಳ ಹಿಡಿಸಿತ್ತು.

ಹೋದ ವರ್ಷ ಈ ಎರಡು ಪೆಟ್ಟಿಗೆಗೂ ಅವಳೇ ಇದೇ ಕೋಣೆಯಲ್ಲಿ ಕೂತು ಮಾಲೆ ಕಟ್ಟಿದ್ದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಶರಣಬಸವ, “ನನಗೂ ಕಲಸವ್ವಾ, ಕಲ್ತು ನಿನ್ನ ನೌಕರಿಗೇ ಕುತ್ತ ತರತೀನಿ” ಎಂದು ನಗುತ್ತ ಕಲಿತಿದ್ದರು. ಅವರ ದಪ್ಪ ಬೆರಳಿನ ಗೊಂಚಲುಗಳು ಬದನೆಕಾಯಿಯಷ್ಟಷ್ಟು ಇದ್ದವು.

ಅವು ಈಗಲೂ ಅಲ್ಲಿದ್ದವು. ಆದರೆ ಹೋದ ವರ್ಷ ಇಲ್ಲದ ಎಷ್ಟೋ ಹೊಸ ಗೊಂಚಲುಗಳೂ ಇದ್ದವು. ಅವಳ ಬಿಳಿ ಉಣ್ಣೆಯ ನಡುವೆ ಕರಿಯ, ಒರಟಾದ, ಆಡಿನ ಕೂದಲಿನಂಥದ್ದೇನೋ ಬದನೆಕಾಯಿ ಗಾತ್ರದಲ್ಲಿ ಕಟ್ಟಿಸಿಕೊಂಡು ಪೆಟ್ಟಿಗೆಯ ಹೊಟ್ಟೆ ಬಿರಿಯುವಂತೆ ತುಂಬಿತ್ತು. ಬೇಸ್ ಸತ್ತದ್ದು ಯಾಕೆಂದು ಕೇಳಬೇಕಾಗಿಯೇ ಇರಲಿಲ್ಲ.

ಅವಳನ್ನು ತಡೆದು ನಿಲ್ಲಿಸಿದ್ದು ಮಾಲೆಯ ತುದಿ. ಅಲ್ಲಿ ದಾರವನ್ನು ಯಾರೋ ಕತ್ತರಿಸಿದ್ದರು. ಆಮೇಲೆ ಮತ್ತೆ ಜೋಡಿಸಿ ಕಡೆಯ ಕೆಲವು ಗೊಂಚಲುಗಳನ್ನು ಹೊಸದಾಗಿ ಕಟ್ಟಿದ್ದರು. ಅದೂ ಹೂ ಕಟ್ಟುವ ಗಂಟೇ. ಆದರೆ ಕುಣಿಕೆ ತಿರುಗುಮುರುಗು. ಬಲಗೈಯವರು ಕಟ್ಟಿದ ಕುಣಿಕೆ ಎಡಕ್ಕೆ ಮಲಗುತ್ತದೆ. ಇದು ಬಲಕ್ಕೆ ಮಲಗಿತ್ತು.

ಸಣ್ಣ ಕತ್ತರಿಯಿಂದ ಆ ತುದಿಯನ್ನು ಕತ್ತರಿಸಿ ಕಾರ್ಡಿಗನ್ ಜೇಬಿಗೆ ಇಳಿಬಿಟ್ಟಳು.

“ಅಕ್ಕಾ, ಚಾ.”

ಅಂಕಿತಾ ಕಪ್ಪು ಕೆಳಗಿಟ್ಟಳು. ಅತ್ತು ಅತ್ತು ಕಣ್ಣ ರೆಪ್ಪೆ ಊದಿತ್ತು; ಆದರೂ ಯಾಲಕ್ಕಿ ಜಜ್ಜಿ ಹಾಕುವುದನ್ನು ಮರೆತಿರಲಿಲ್ಲ.

“ಅಂಕಿತಾ, ನಿನಗೆ ಹೂ ಕಟ್ಟೋಕೆ ಬರುತ್ತಾ?”

“ನನಗೇನು?” ಹುಡುಗಿ ಮಿಕಿಮಿಕಿ ನೋಡಿದಳು. “ಶೂ ಲೇಸ್ ಬಿಟ್ರ ಬ್ಯಾರೆ ಗಂಟ ಬರಂಗಿಲ್ಲಕ್ಕಾ. ಅವ್ವ ಇದಕ್ಕ ಬೈತಿದ್ಲು. ಯಾಕ?”

“ಸುಮ್ನೆ.” ಪ್ರಾಚಿ ಚಹಾ ಗುಟುಕರಿಸಿದಳು. “ಈ ಪೆಟ್ಟಿಗೆ ಯಾವಾಗಿಂದ ಹೀಗಾಗಿದೆ?”

ಅಂಕಿತಾ ಗೋಡೆಯ ಕಡೆ ಕೈ ತೋರಿಸಿದಳು. ಜೋಡಿ ಮನೆ, ಆ ಗೋಡೆಯಾಚೆ ಇಂಗ್ಲಿಷ್ ಮುದುಕಿಯೊಬ್ಬಳ ಸಂಸಾರ.

“ಮೊದಲ ಅಜ್ಜಾರು ಸಂಜೀಕ ತಂಬೂರಿ ರೆಕಾರ್ಡ ಹಚ್ಚಿದ್ರಂದ್ರ ಬಾಜೂಮನಿ ಮುದುಕಿ ಗೋಡಿ ಬಡೀತಿದ್ಲು. ಅಜ್ಜಾರು, ‘ನೋಡು, ಆಕೀ ಒಬ್ಬಾಕೀನ ತಾಳ ಸರಿ ಹಾಕಾಕಿ’ ಅಂತಿದ್ರು. ದಸರಾ ಆದ ಮ್ಯಾಲ ಆಕಿ ಬಡಿಯೂದ ಬಿಟ್ಳು. ನಾ ಅನಕೊಂಡೆ, ಪಾಪ ಸತ್ತಾಳೇನೋ ಅಂತ.”

“ಹುಚ್ಚಿ, ಬಿಡ್ತು ಅನ್ನು!” ರತ್ನಾಬಾಯಿ ಗದರಿದರು. ಬೈಗುಳದಲ್ಲಿ ಹಳೆಯ ಸಲಿಗೆ ಒಂದು ಕ್ಷಣ ಇಣುಕಿತು. ಮರುಕ್ಷಣ, ಈ ಹುಡುಗಿ ಈಗ ಏನಾಗಿದ್ದಾಳೆಂಬುದು ನೆನಪಾದಂತೆ, ಅವರು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ಮುಖ ಮಾಡಿದರು.

ದಸರಾ ಆದ ಮೇಲೆ. ಪ್ರಾಚಿ ಅದನ್ನೇ ಹಿಡಿದು ಯೋಚಿಸಿದಳು. ಶರಣಬಸವ ಬಿದ್ದದ್ದು ದೀಪಾವಳಿ ಕಳೆದ ಮೇಲೆ. ತಬಲಾದ ಜೊತೆಯ ಡಗ್ಗಾದ ದನಿ ಒಂದು ಚಮಚೆ ತೆಳ್ಳಗಾಯಿತು ಎಂದು ವರ್ಕ್‌ಶಾಪಿಗೆ ಫೋನ್ ಮಾಡುತ್ತಿದ್ದ ಮನುಷ್ಯ, ಬೇಸೇ ಇಲ್ಲದ ಪೆಟ್ಟಿಗೆಯ ಮುಂದೆ ಅಷ್ಟು ದಿನ ತುಟಿ ಬಿಚ್ಚದೆ ಕೂತಿದ್ದರೆಂದರೆ?

ಅವರಿಗೆ ಗೊತ್ತಿತ್ತು. ಉಸಿರು ಕಟ್ಟಿಸಿದವರು ಅವರೇ.

ಅವಳು ಕರಿಯ ಗೊಂಚಲೊಂದನ್ನು ಬಿಚ್ಚಿ ರತ್ನಾಬಾಯಿಯ ಅಂಗೈಯಲ್ಲಿಟ್ಟಳು.

“ಆಂಟಿ, ಇದೇನು ಅಂತ ಗೊತ್ತಾಗುತ್ತಾ?”

ರತ್ನಾಬಾಯಿ ಅದನ್ನು ಹೊಸಕಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಮುಖದ ಬಣ್ಣವೇ ಬದಲಾಯಿತು.

“ಅಯ್ಯ ಶಿವನ! ಇದು ನಮ್ಮತ್ತೀ ಕಂಬಳಿ. ವಿಜಯಪುರದಿಂದ ನಾ ಹೊತ್ತಗೊಂಡು ಬಂದದ್ದು. ಟ್ರಂಕಿನಾಗ ಇತ್ತಲ್ಲ ಇದು!”

“ಟ್ರಂಕಿಗೆ ಬೀಗ ಇದೆಯಾ?”

“ಇಲ್ದ ಏನು? ಒಂದು ಕೀಲಿ ನನ್ನ ಹಂತ್ಯಾಕ, ಒಂದು ಅವ್ರ ಹಂತ್ಯಾಕ. ಕತ್ತರಿಸ್ಯಾರಲ್ಲ ತಂಗಿ, ಅತ್ತೀ ಕಂಬಳಿ!”

“ಅಂದ್ರ ಇದನ್ನ ತುಂಬಿದಾವ್ರು ಅಜ್ಜಾರ?” ಅಂಕಿತಾಳ ದನಿ ಏರಿತು. “ಯಾಕ? ಏನ ಮುಚ್ಚಾಕ?”

ಪ್ರಾಚಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪೆಟ್ಟಿಗೆಯೊಳಗೆ ಭಾರದ್ದೇನಾದರೂ ಇಟ್ಟರೆ ಅದು ಗಿಲಿಗಿಲಿ ಅನ್ನದಂತೆ ಸುತ್ತಲೂ ಮೆತ್ತೆ ಬೇಕು. ಅಷ್ಟು ಮೆತ್ತೆ ಹಾಕಿದರೆ ಬೇಸ್ ಹೋಗುತ್ತದೆ. ಶರಣಬಸವರು ತಿಳಿದೂ ತಿಳಿದೂ ತಮಗೆ ಪ್ರಾಣವಾಗಿದ್ದ ಆ ಬೇಸನ್ನೇ ಕೊಟ್ಟಿದ್ದರು. ಯಾರಿಂದ ಏನನ್ನು ಕಾಪಾಡಲು?

ಮಾತಾಡುವುದಕ್ಕಿಂತ ಕೆಲಸ ಸುಲಭ. ಪ್ರಾಚಿ ಕಂಬಳಿಯ ಗೊಂಚಲುಗಳನ್ನೆಲ್ಲ ಕಳಚಿ ಪೇಪರಿನ ಮೇಲೆ ಒಟ್ಟಿದಳು. ತನ್ನ ಬಿಳಿ ಉಣ್ಣೆಯನ್ನು ಬೆರಳಿನಿಂದ ಮತ್ತೆ ಹಿಂಜಿ ಸಡಿಲಿಸಿದಳು. ತುದಿ ಕತ್ತರಿಸಿದ ಮೂಲೆಯ ಮೊಳೆಯೊಂದನ್ನು ಬಿಟ್ಟು ಮಾಲೆಯನ್ನು ಮೊದಲಿನಂತೆ ತೂಗುಬಿಟ್ಟು, ಹಲಗೆಯನ್ನು ನಾಲ್ಕು ಮೂಲೆಗೆ ಮಾತ್ರ ಸ್ಕ್ರೂ ಹಾಕಿ ನಿಲ್ಲಿಸಿ, ತಂಬೂರಿಯ ರೆಕಾರ್ಡ್ ಹಚ್ಚಿದಳು.

ಇನ್ನೂ ಸ್ವಲ್ಪ ಬಿಗಿ. ತೆಗೆದು ಒಂದು ಹಿಡಿ ಉಣ್ಣೆ ಈಚೆ ಹಾಕಿದಳು. ಮತ್ತೆ ಹಚ್ಚಿದಳು. ಈಗ ಸಡಿಲ, ತಂಬೂರಿಯ ಅತಿ ತಗ್ಗು ದನಿಯ ಖರ್ಜದ ತಂತಿ ಒಂದು ತುಸು ಊದಿಕೊಂಡಂತೆ. ತೆಗೆದದ್ದರಲ್ಲಿ ಅರ್ಧ ಹಿಡಿ ವಾಪಸ್ಸು, ಸ್ಪೀಕರಿನ ದೊಡ್ಡ ಕೋನಿನ ಬೆನ್ನಿಗೆ ತಾಗದ ಹಾಗೆ.

ಮೂರನೇ ಸಲ ಹಚ್ಚಿದಾಗ ಖರ್ಜ ಸೋಫಾದ ಕೆಳಗಿನಿಂದ ಎದ್ದು ಬಂದು ಮೊಣಕಾಲಿಗೆ ತಾಗಿತು.

ಢಬ್ ಢಬ್ ಢಬ್. ಗೋಡೆ.

“ಬದುಕ್ಯಾಳ!” ಅಂದಳು ಅಂಕಿತಾ.

ಮೊದಲು ನಕ್ಕವರು ರತ್ನಾಬಾಯಿ. ಬಾಯಿಗೆ ಸೆರಗು ಒತ್ತಿಕೊಂಡು, ಹೊಟ್ಟೆ ಕುಲುಕಿಸಿ, ಕಣ್ಣಲ್ಲಿ ನೀರು ಬರುವಷ್ಟು. ಅಂಕಿತಾಳೂ ನಕ್ಕಳು. ಮೂರು ವಾರದಿಂದ ಈ ಕೋಣೆಯಲ್ಲಿ ಯಾರೂ ನಕ್ಕಿರಲಿಲ್ಲವೆಂಬುದು ಆ ನಗುವಿನಲ್ಲೇ ಗೊತ್ತಾಗುವಂತಿತ್ತು.

ಪ್ರಾಚಿ ಮಾತ್ರ ತಲೆ ಓರೆ ಮಾಡಿ ಕೂತಿದ್ದಳು. ಖರ್ಜದ ತಂತಿ ಮಿಡಿದಾಗಲೆಲ್ಲ ಅದರ ಹಿಂದೆಯೇ, ಸೊಳ್ಳೆಯಷ್ಟು ಸಣ್ಣದಾಗಿ, ಚಿರ್ರ್.

ರೆಕಾರ್ಡ್ ನಿಲ್ಲಿಸಿದಳು. ಹಲಗೆ ತೆಗೆದು ತಳದ ಮೂಲೆಯಲ್ಲಿ ಬೆರಳಾಡಿಸಿದಳು. ಒಳಗೋಡೆಗೆ ಅಂಟಿಸಿದ ಫೆಲ್ಟ್ ಬಟ್ಟೆಯ ಅಂಚಿನಲ್ಲಿ ಏನೋ ಗುಂಡಗೆ ಸಿಕ್ಕಿತು. ಹೊರಗೆ ತಂದು ಬೆಳಕಿಗೆ ಹಿಡಿದಳು. ಜೋಳದ ಕಾಳಿಗಿಂತ ತುಸು ದೊಡ್ಡ, ಟೊಳ್ಳಾದ ಬಂಗಾರದ ಗುಂಡು. ತೂತಿನಲ್ಲಿ ಕೆಂಪು ದಾರದ ಎಳೆ.

ರತ್ನಾಬಾಯಿ ಅದನ್ನು ಅವಳ ಕೈಯಿಂದ ತಗೊಂಡರು. “ನನ್ನ ಬೋರಮಾಳದ್ದು” ಎಂದರು. ಅಷ್ಟೇ. ಮುಷ್ಟಿ ಮುಚ್ಚಿಕೊಂಡಿತು. “ಆ ಹಲಗಿ ಲಗೂನ ಹಾಕಿಬಿಡು ತಂಗಿ.”

ಮುಂಬಾಗಿಲಲ್ಲಿ ಕೀಲಿ ತಿರುಗಿದ ಸದ್ದಾಯಿತು.

“ಕಾಕೂ!” ರುದ್ರೇಶರ ದನಿ ಅವರಿಗಿಂತ ಮೊದಲೇ ಒಳಗೆ ಬಂತು. “ಹ್ಯಾರೋದಾಗ ಚವಳಿಕಾಯಿ ಬಂದಿದ್ವು, ತಂದೀನಿ. ಪಾರ್ಕಿಂಗ್ ಸಿಗಬೇಕಾದ್ರ ಸಾಕ್‌ಸಾಕಾತು...”

ಕೋಣೆಯ ಬಾಗಿಲಲ್ಲಿ ಅವರು ನಿಂತರು. ದೊಡ್ಡ ಆಳು, ಭುಜದ ಮೇಲೆ ಮಳೆಹನಿ, ಕೈಯಲ್ಲಿ ಚೀಲ. ಮೊದಲು ಪ್ರಾಚಿಯನ್ನು ನೋಡಿದರು. ಆಮೇಲೆ ತೆರೆದ ಪೆಟ್ಟಿಗೆಯನ್ನು. ಪೇಪರಿನ ಮೇಲೆ ಗುಡ್ಡೆ ಬಿದ್ದ ಕರಿ ಕಂಬಳಿಯ ಚೂರನ್ನು ನೋಡಿ ಇದೇನೆಂದು ಕೇಳಬೇಕಿತ್ತು. ಕೇಳಲಿಲ್ಲ. ಅವರ ಕಣ್ಣು ನೇರವಾಗಿ ಪೆಟ್ಟಿಗೆಯ ಮೇಲಿನ ಬಲ ಮೂಲೆಗೆ ಹೋಯಿತು. ಅಲ್ಲಿ ಈಗ ಬರಿಯ ಮೊಳೆ.

“ಪ್ರಾಚಿ, ಇವತ್ತ ರಜಾ ಇತ್ತಲ್ಲ ನಿನಗ?”

“ಹೂಂ ಸರ್.”

“ಒಂದ್ ನಿಮಿಷ ಕಿಚನ್‌ಗೆ ಬಾ.”

ಅಡುಗೆಮನೆಯಲ್ಲಿ ಅವರು ಚವಳಿಕಾಯಿಯನ್ನು ಸಿಂಕಿನ ಪಕ್ಕ ಸುರಿದರು. ಚಾಕು ತೆಗೆದುಕೊಂಡು ಒಂದೊಂದರ ತುದಿ ಕತ್ತರಿಸತೊಡಗಿದರು, ಇದೇ ಕೆಲಸಕ್ಕೆ ಬಂದವರಂತೆ. ಚಾಕು ಎಡಗೈಯಲ್ಲಿತ್ತು.

ಎಲ್ಲವೂ ಎಡಗೈಯಲ್ಲೇ. ವರ್ಕ್‌ಶಾಪಿನಲ್ಲಿ ಪ್ರಾಚಿ ದಿನಾ ನೋಡುತ್ತಿದ್ದಳು. ಹೂವಿನ ಗಂಟನ್ನು ಅವರಿಗೂ ಅವಳೇ ಕಲಿಸಿದ್ದಳು. ಎದುರು ಕೂತು ಕಲಿತದ್ದಕ್ಕೋ, ಎಡಗೈಗೋ, ಅವರ ಕುಣಿಕೆ ಯಾವಾಗಲೂ ಬಲಕ್ಕೆ ಮಲಗುತ್ತಿತ್ತು. ಅವರು ಮನೆಗೆ ಹೋದ ಮೇಲೆ ಅವಳು ಸದ್ದಿಲ್ಲದೆ ಎಷ್ಟೋ ಸಲ ಬಿಚ್ಚಿ ಮತ್ತೆ ಕಟ್ಟಿದ್ದಳು. ಹಾಗೆ ಮಾಡುತ್ತೇನೆಂದು ಅವರಿಗೆ ಒಂದು ದಿನವೂ ಹೇಳಿರಲಿಲ್ಲ. ಅವಳ ಕೈ ತಾನಾಗಿ ಕಾರ್ಡಿಗನ್ ಜೇಬಿಗೆ ಹೋಯಿತು.

“ಕಿಸೇದಾಗ ಏನೈತಿ?” ಕತ್ತೆತ್ತದೆ ಕೇಳಿದರು.

“ಏನಿಲ್ಲ.”

ರುದ್ರೇಶ ನಕ್ಕರು. “ನಿನ್ನ ‘ಏನಿಲ್ಲ’ ನನಗ ಗೊತ್ತಿಲ್ಲೇನು? ಗಿರಾಕಿ ಸ್ಪೀಕರ್ ಸುಟ್ಟು ಹೊಗಿ ಬರಾಕತ್ತಿದ್ರೂ ನೀ ಏನಿಲ್ಲ ಅನ್ನಾಕಿ. ತೆಗಿ.”

ಅವಳು ತೆಗೆಯಲಿಲ್ಲ. ಜೇಬಿನೊಳಗೆ ಆ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮುಂದಿನ ಮಾತು ಅವಳಿಗೇ ಕೇಳಿಸದಷ್ಟು ಸಣ್ಣಗೆ ಬಂತು.

“ಸರ್... ಪೆಟ್ಟಿಗೆ ತೆಗ್ದಿದ್ದು ನೀವು.”

ಚಾಕು ನಿಂತಿತು.

“ಹೌದು. ತೆಗದೀನಿ.”

ಇಷ್ಟು ಸುಲಭಕ್ಕೆ ಒಪ್ಪಿಕೊಳ್ಳುತ್ತಾರೆಂದು ಅವಳು ಎಣಿಸಿರಲಿಲ್ಲ.

“ಹಂಗಾದ್ರೆ ಬಂಗಾರ...”

“ಬಂಗಾರ ಒಳಗ ಇತ್ತು. ಕಾಕಾನ ಇಟ್ಟಿದ್ದ. ಇಷ್ಟು ನೀನೂ ಲೆಕ್ಕಾ ಹಾಕೀದಿ, ಹೌದಿಲ್ಲೋ?” ಅವರು ಟವೆಲಿಗೆ ಕೈ ಒರೆಸಿಕೊಂಡು ಅವಳ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. “ನಾನಾಗಿ ತೆಗದಿಲ್ಲ. ತೆಗಿ ಅಂದಾಕಿ ಯಾರು, ಗೊತ್ತೇನು? ಒಳಗ ಕುಂತಾಳಲ್ಲ, ನಮ್ಮ ಕಾಕು. ಕಾಕಾನ್ನ ದವಾಖಾನಿಗೆ ಹಾಕಿದ ಮರುದಿನ ಆಕೀನ ನನ್ನ ಕರಸಿದ್ಲು. ಒಂದೊಂದ ತಗದು ಆಕೀ ಕೈಯಾಗ ಇಟ್ಟೀನಿ. ಖರೇ ಅನಸಲಿಲ್ಲಂದ್ರ ಹೋಗಿ ಕೇಳು. ಈಗ ಕೇಳು.”

“ಮತ್ತೆ ಅಂಕಿತಾ ಮೇಲೆ ಯಾಕೆ...”

“ಆಕೀಗೆ ಏನೂ ಆಗಂಗಿಲ್ಲ. ಪೊಲೀಸ್ರು ಅಂದ್ರ ಅಂಜಿ ಮನಿ ಬಿಟ್ಟು ಹೋಗ್ತಾಳ. ಮುಗೀತು. ಮನೀ ಮಾತು ಮನ್ಯಾಗ ಉಳೀತೈತಿ.” ಅವರು ಒಂದು ಹೆಜ್ಜೆ ಹತ್ತಿರ ಬಂದರು. “ನೀ ಒಳ್ಳೆ ಹುಡುಗಿ. ನಿನ್ನಂಥಾ ಕಿವಿ ನಾ ಈ ಊರಾಗ ನೋಡಿಲ್ಲ. ಸ್ಪಾನ್ಸರ್ ಕೆಲಸ ಸೋಮವಾರ ಶುರು ಮಾಡೂಣು ಅಂತಿದ್ದೆ. ಒಬ್ಬ ಮುದುಕಿ ಮರ್ಯಾದಿ ತಗದು ನಿನಗೇನ ಬರೂದೈತಿ, ಹೇಳು?”

ಪ್ರಾಚಿ ಚವಳಿಕಾಯಿಯ ರಾಶಿಯ ಕಡೆ ಕಣ್ಣು ತಿರುಗಿಸಿದಳು. ಅವರ ಮಾತು ನಿಜವಿರಬಹುದೇ?

ನಿಜವಾದರೆ, ಹಲಗೆ ಬಿಚ್ಚಿದರೆ ಗುಟ್ಟು ಬಯಲಾದೀತೆಂದು ಗೊತ್ತಿದ್ದೂ ರತ್ನಾಬಾಯಿ ತನ್ನನ್ನು ಯಾಕೆ ಕರೆಸಿದರು? ಸುಳ್ಳಾದರೆ, ರುದ್ರೇಶನಿಗೆ ಹೇಳಬೇಡ ಎಂದದ್ದು ಯಾಕೆ? ಕಂಬಳಿ ಕಂಡು ಬೆಚ್ಚಿದ ಆ ಮುಖ ನಾಟಕದ ಹಾಗಿರಲಿಲ್ಲ. ಆದರೆ ಬೋರಮಾಳದ ಒಂದು ಗುಂಡು ಸಿಕ್ಕಾಗ, ಬಂಗಾರ ಕಳಕೊಂಡ ಯಾವ ಹೆಂಗಸಾದರೂ ಮೊದಲು ಕೇಳುವ ಮಾತನ್ನು ಅವರು ಕೇಳಿರಲಿಲ್ಲ.

ಉಳಿದದ್ದು ಎಲ್ಲಿ? ಎಂದು ರತ್ನಾಬಾಯಿ ಕೇಳಿರಲೇ ಇಲ್ಲ.

“ಬಾ,” ಎಂದರು ರುದ್ರೇಶ. “ಆ ಪೆಟಗಿ ಮುಚ್ಚು. ನಾ ಫೋನ್ ಮಾಡ್ತೀನಿ.”

ಕೋಣೆಯಲ್ಲಿ ಅಂಕಿತಾ ಕಂಬಳಿಯ ಚೂರುಗಳನ್ನು ಆಯ್ದು ಒಂದು ಚೀಲಕ್ಕೆ ತುಂಬುತ್ತಿದ್ದಳು. “ಅಮ್ಮಾರ, ಇವನ್ನ ಒಗೀಬ್ಯಾಡ್ರಿ. ನಾ ಹೋದ ಮ್ಯಾಲ ಯಾರರ ಹೊಲದು ಕೊಟ್ರ ಸಣ್ಣ ಹಾಸಿಗಿ ಆಗತೈತಿ, ಅಜ್ಜಾರ ಕಾಲಿಗೆ,” ಅನ್ನುತ್ತಿದ್ದಳು.

ರುದ್ರೇಶ ಪೊಲೀಸರ ನಂಬರ್ ಒತ್ತಿ, ಫೋನನ್ನು ಟೀಪಾಯಿಯ ಮೇಲೆ ಇಟ್ಟು ಸ್ಪೀಕರ್ ಒತ್ತಿದರು. ಎಲ್ಲರಿಗೂ ಕೇಳಿಸಲೆಂದೇ ಇರಬೇಕು. ಕಾಯುವವರಿಗೆಂದು ಹಾಕಿದ ಪಿಯಾನೋ ಶುರುವಾಯಿತು. ತಗ್ಗು ಸ್ವರವೆಂಬುದೇ ಇಲ್ಲದ, ತಗಡಿನ ಮೇಲೆ ಹನಿ ಬಿದ್ದಂಥ ಪಿಯಾನೋ.

ಅಂಕಿತಾ ಚೀಲ ಕೆಳಗಿಟ್ಟು ಎದ್ದು ನಿಂತಳು. “ಅಣ್ಣಾರ, ನಾ ಆವತ್ತ ಆಂಬುಲೆನ್ಸ್ ಕರದೆ. ಅವ್ರ ತಲೀ ನನ್ನ ತೊಡೀ ಮ್ಯಾಲಿತ್ತು. ನಾ ಬೀರೂ ಕಡೆ ಯಾವಾಗ ಹೋಗಲ್ರಿ?”

“ಅದನ್ನ ಅವ್ರಿಗೇ ಹೇಳು.”

“ಅಮ್ಮಾರ, ನೀವರ ಹೇಳ್ರಿ!”

ರತ್ನಾಬಾಯಿ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅದರೊಳಗೆ ಬಂಗಾರದ ಗುಂಡು ಇತ್ತು. ರುದ್ರೇಶರಿಗೆ ಅದನ್ನು ಅವರು ತೋರಿಸಿರಲಿಲ್ಲ.

ಪ್ರಾಚಿ ಹಲಗೆಯನ್ನು ಎತ್ತಿದಳು. ಮೊದಲ ಸ್ಕ್ರೂ ಹಾಕಿದಳು. ಎರಡನೆಯದು ಬೆರಳಿನಿಂದ ಜಾರಿ ಕಾರ್ಪೆಟ್ಟಿಗೆ ಬಿತ್ತು.

“ಕಾಕೂ, ನೀ ಚಿಂತಿ ಮಾಡಬ್ಯಾಡ,” ರುದ್ರೇಶರ ದನಿ ಕೋಣೆ ತುಂಬಿತು. “ಕಾಕಾ ಪೆಟಗ್ಯಾಗ ಏನೋ ಇಟ್ಟಿದ್ದ ಅಂತನ ತಿಳಕೊಳ್ಳೂಣು. ತಗದಾಕಿ ಈ ಅಂಕಿತಾನ. ಮನ್ಯಾಗ ಇದ್ದಾಕಿ ಬ್ಯಾರೆ ಯಾರು? ಪ್ರಾಚಿ ಎಕ್ಸ್‌ಪರ್ಟ್ ಇಲ್ಲೇ ಅದಾಳ. ಆಕೀನ್ನ ಕೇಳು. ಯಾರು ಮುಟ್ಯಾರ ಅಂತ ಉಣ್ಣಿ ನೋಡಿ ಹೇಳಾಕ ಆಗತೈತೇನು?” ಅವರು ಅವಳ ಕಡೆ ತಿರುಗಿ, ಮಗುವನ್ನು ಮಾತಾಡಿಸುವಂತೆ ಕೇಳಿದರು: “ಏನಾರ ಐತೇನವ್ವಾ ಹೇಳೂದು?”

ಮೂವರೂ ಅವಳ ಮುಖ ನೋಡಿದರು. ಪಿಯಾನೋ ತಟ್ಟನೆ ನಿಂತಿತು. ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ, ತಮಗೆ ಏನು ಸಹಾಯ ಬೇಕೆಂದು ಕೇಳಿದಳು.

ರುದ್ರೇಶ ಫೋನಿಗೆ ಉತ್ತರ ಕೊಡಲಿಲ್ಲ. ಪ್ರಾಚಿಯ ಆ ಮೂರಕ್ಷರಕ್ಕೆ ಕಾಯುತ್ತಿದ್ದರು.

ಅವಳು ರತ್ನಾಬಾಯಿಯ ಕಣ್ಣಿಗೆ ಕಣ್ಣು ಕೊಟ್ಟಳು. ಆ ಕಣ್ಣಲ್ಲಿ ಬೇಡಿಕೆಯಿತ್ತೋ, ಹೇಳಬೇಡ ಎಂಬ ಮೊರೆಯಿತ್ತೋ, ಇನ್ನೇನಿತ್ತೋ. ಬಂಗಾರ ಈಗ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಶರಣಬಸವ ಅದನ್ನು ಯಾರಿಂದ ಮುಚ್ಚಿಟ್ಟರೋ ಗೊತ್ತಿರಲಿಲ್ಲ. ಈ ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರೆಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಂಗೈ ಅಗಲದ ಒಂದೇ ಒಂದು ಸಂಗತಿ, ಅದು ಅವಳ ಜೇಬಿನಲ್ಲಿತ್ತು.

“ಹಲೋ?” ಎಂದಿತು ಫೋನು. “ಲೈನಿನಲ್ಲಿ ಯಾರಾದರೂ ಇದ್ದೀರಾ?”

ಪ್ರಾಚಿ ಜೇಬಿನಿಂದ ಉಣ್ಣೆ ಮಾಲೆಯ ತುದಿಯನ್ನು ತೆಗೆದು, ಎಲ್ಲರಿಗೂ ಕಾಣುವಂತೆ ಪೆಟ್ಟಿಗೆಯ ಮೇಲಿಟ್ಟಳು. ಈ ಸಲ ದನಿ ಬಂತು, ಗೋಡೆಯಾಚೆಯ ಮುದುಕಿಗೂ ಕೇಳಿಸುವಷ್ಟು.

“ಇದೆ,” ಎಂದಳು. “ಈ ಪೆಟ್ಟಿಗೇನ ಕೊನೇ ಸಲ ಕಟ್ಟಿ ಮುಚ್ಚಿದ ಕೈ ಅಂಕಿತಾಳದ್ದಲ್ಲ. ರುದ್ರೇಶ್ ಸರ್, ನಿಮ್ಮದು.”